ಕೆಂಪು ನನ್ನ ಪಾಲು

ದುಂಡು ಮೇಜು, ಆರು ಹುಡುಗಿಯರು, ಆರು ಬಟ್ಟಲು.
ನೀಲಿ ಹೆಸ್ಟರಳದು. ಹಸಿರು, ಸದಾ ಕೆಮ್ಮುವ ಪ್ರೂಡೆನ್ಸಳದು.
ಹಳದಿ ಕಂದು ಬೂದು ಯಾರ್ಯಾರಿಗೋ ಹಂಚಿ
ಕೊನೆಗೆ ನನ್ನ ಪಾಲಿಗೆ ಬಂದದ್ದು ಕೆಂಪು.
ಲಂಡನ್ನಿನ ಕೆನ್ನೆಗಳೆಲ್ಲ ನನ್ನವು,
ತುಟಿ ನನ್ನವು, ಸಿಪಾಯಿಯ ಅಂಗಿ, ಕುಡುಕ ಪಾದ್ರಿಯ ಮೂಗು.
ನೂರು ಹಾಳೆಗೆ ಇಷ್ಟೆಂದು ಕೂಲಿ.
ಬಣ್ಣ ಗೆರೆ ದಾಟಿತೋ, ಒಂದು ಪೆನ್ನಿ ಮುರಿದುಕೊಳ್ಳುತ್ತಾಳೆ
ಅಂಗಡಿಯೊಡತಿ ಡಾರ್ಕಸ್ ಹ್ಯಾಂಬ್ಲಿಂಗ್.

ಈ ವಾರದ ತಗಡು: ದೊಡ್ಡವರ ಹವಾಸೇವನೆ.
ಸೇಂಟ್ ಜೇಮ್ಸ್ ಪಾರ್ಕು, ಸಾಲುಮರ, ನಡುವೆ ಒಬ್ಬ ಲೇಡಿ,
ಮರಕ್ಕಿಂತ ಒಂದು ಗೇಣು ಎತ್ತರ ಅವಳ ತುರುಬು.
ತುರುಬಿನಲ್ಲಿ ಒಂದು ತೋಟ, ತೋಟಕ್ಕೊಬ್ಬ ಮಾಲಿ,
ಮಾಲಿ ಏಣಿ ಹತ್ತಿ ಹಕ್ಕಿ ಓಡಿಸುತ್ತಿದ್ದಾನೆ.
ಅವಳು ಬಂದಾಯಿತು; ಅವಳ ಲಂಗ ಇನ್ನೂ ಬರುತ್ತಲೇ ಇದೆ.
ಪಕ್ಕದಲ್ಲೊಬ್ಬ ಕಡ್ಡಿಗಾಲಿನ ಸರದಾರ,
ವಿಗ್ಗಿನ ಗೋಪುರದ ಮೇಲೆ ಕಡಲೆಕಾಳಿನಷ್ಟು ಟೋಪಿ,
ವಂದಿಸಬೇಕೆಂದರೆ ಕತ್ತಿ ಹಿರಿದು ಮೊನೆಯಿಂದಲೇ ಎತ್ತಬೇಕು.
ನಾಯಿಮರಿಗೂ ಒಂದು ವಿಗ್ಗು.
ಎಲ್ಲರ ತಲೆಯ ಮೇಲೂ ಗೋಧಿಹಿಟ್ಟಿನ ಹಿಮ.
ನಮ್ಮ ಬೀದಿಯಲ್ಲಿ ರೊಟ್ಟಿ ಕಿರಿದಾಗುತ್ತಾ ಬಂದು ಅಂಗೈಯಷ್ಟಾಗಿದೆ,
ಹೊಟ್ಟೆಗಿಲ್ಲದ ಹಿಟ್ಟು ಜುಟ್ಟು ಸೇರಿದೆ.

ಮೂಲೆಯಲ್ಲಿ ಒಂದು ಹಸು. ಅಲ್ಲೇ ಕರೆದು ಅಲ್ಲೇ ಮಾರುತ್ತಾರೆ ಹಾಲು.
ಅದೊಂದನ್ನು ಮಾತ್ರ ಕ್ರಲ್ ಮುದುಕ ಇದ್ದ ಹಾಗೇ ಬಿಟ್ಟಿದ್ದಾನೆ.
ಯಾಕೆಂದು ಕೇಳಿದೆ. "ಅದಕ್ಕೇನು ಸೇರಿಸಲಿ?" ಅಂದ.

ಕ್ರಲ್ ಕೆತ್ತುವುದು ತಾಮ್ರದ ಮೇಲೆ, ಎಲ್ಲ ತಿರುಗುಮುರುಗು.
ಎಡವನ್ನು ಬಲವಾಗಿ ಬರೆದರಷ್ಟೇ
ಕಾಗದದಲ್ಲಿ ಲೋಕ ನೆಟ್ಟಗೆ ಬೀಳುವುದು.
ಆಸಿಡ್ಡು ತಿಂದು ಅವನ ಬೆರಳ ತುದಿಗಳು ಹಳದಿ,
ನಮ್ಮ ಬಟ್ಟಲಿನಲ್ಲಿ ಇಲ್ಲದ ಹಳದಿ.

ಮಂಗಳವಾರ ಅವಳೇ ಬಂದಳು, ಚಿತ್ರದ ಲೇಡಿ, ಅರಮಿಂಟ ಫೌಲ್ಕ್ಸ್.
ಗಾಡಿಯಲ್ಲಿ ತುರುಬು ಹಿಡಿಸದೆ
ದಾರಿಯುದ್ದಕ್ಕೂ ಮಂಡಿಯೂರಿ ಬಂದಿದ್ದಳಂತೆ.
ಕಿಟಕಿಯ ಮುಂದೆ ನಿಂತು, ಬೀಸಣಿಗೆ ಮಡಚಿ, ನಕ್ಕೂ ನಕ್ಕೂ
"ಅಯ್ಯೋ, ಥೇಟ್ ನಮ್ಮ ಸೋಫ್ರೋನಿಯ!" ಎಂದು
ಎರಡು ಪ್ರತಿ ಕೊಂಡಳು.
ಎಡಗೆನ್ನೆಯ ಕಪ್ಪು ಬೊಟ್ಟು ಚಿತ್ರದಲ್ಲೂ ಎಡಗೆನ್ನೆಗೇ ಇತ್ತು.
ಆದರೆ ಪಾಪ, ತನ್ನನ್ನು ಕನ್ನಡಿಯಲ್ಲಷ್ಟೇ ಕಂಡವಳು,
ಅಲ್ಲಿ ಅದು ಆಚೆ ಬದಿಗಿರುತ್ತದೆ.
ಊರಿಗೆಲ್ಲ ಸಿಕ್ಕ ಅವಳು ಅವಳಿಗೆ ಸಿಕ್ಕಿರಲಿಲ್ಲ.
ಹತ್ತಿರದಿಂದ ನೋಡಿದೆ. ಕೆನ್ನೆಯ ಕೆಂಪು ಗೆರೆ ದಾಟಿತ್ತು.
ನಾನಾಗಿದ್ದರೆ ಒಂದು ಪೆನ್ನಿ ಹೋಗುತ್ತಿತ್ತು.

ಭಾನುವಾರ ನಾನೂ ಹೋದೆ.
ಒಗೆದ ಕಂದು ಲಂಗ, ಹೆಸ್ಟರಳಿಂದ ಸಾಲ ತಂದ ನೀಲಿ ಶಾಲು.
ಮೂರು ವರ್ಷ ಬಣ್ಣ ಹಚ್ಚಿದ ಪಾರ್ಕನ್ನು ಮೊದಲ ಸಲ ಮೆಟ್ಟಿದೆ.
ಹುಲ್ಲು ಪ್ರೂಡೆನ್ಸಳ ಹಸಿರಿನಷ್ಟು ಹಸಿರಿಲ್ಲ.
ಒಂದು ಪೆನ್ನಿಗೆ ಒಂದು ಲೋಟ ಹಾಲು, ನೊರೆ ಇನ್ನೂ ಬೆಚ್ಚಗಿತ್ತು.
ಕುಡಿದು ನಿಂತಾಗ ಒಬ್ಬ ಕಡ್ಡಿಗಾಲಿನವನು
ನನ್ನ ತುಟಿಯ ಕೆಂಪು ನೋಡಿ, ಏನೆಂದುಕೊಂಡನೋ,
ಟೋಪಿಗೆ ಕೈ ಹಾಕಿದ.
ಸುಳ್ಳೇಕೆ, ನಾನೂ ಸೊಂಟ ಬಳುಕಿಸಿ ನಾಲ್ಕು ಹೆಜ್ಜೆ ನಡೆದೆ.
ನಾಲ್ಕೇ.

ಶುಕ್ರವಾರ ಹೊಸ ತಗಡು, ಮಸಿ ಆರದ ಹಾಳೆ.
ಹಸುವಿನ ಪಕ್ಕ ಒಬ್ಬಳು, ಮೊಣಕೈ ಚೂಪು, ಮೂಗು ಆಕಾಶಕ್ಕೆ,
ಬಾಯಿಗೆ ಹಾಲಿನ ಮೀಸೆ,
ಲಂಗ ಎತ್ತಿ ಹಿಡಿದ ಕಿರುಬೆರಳು ಮಾತ್ರ ಮಹಾರಾಣಿಯದು.
ಹೊಟ್ಟೆ ಹಿಡಿದು ನಕ್ಕೆ.
"ಥೇಟ್ ರೊಟ್ಟಿ ಅಂಗಡಿಯ ಜೂಡಿತ್!" ಅಂದೆ.
ಮೇಜಿನ ಸುತ್ತ ಯಾರೂ ನಗಲಿಲ್ಲ.
ಪ್ರೂಡೆನ್ಸ್ ಕೆಮ್ಮಿದಳು.
ಹೆಸ್ಟರ್ ಆ ಹುಡುಗಿಯ ಶಾಲಿಗೆ ನೀಲಿ ತುಂಬಿ
ಹಾಳೆಯನ್ನು ಮೆಲ್ಲಗೆ ನನ್ನತ್ತ ಸರಿಸಿದಳು.

ತುಟಿ ಬಾಕಿ ಇತ್ತು.
ಇನ್ನೂರು ಪ್ರತಿ, ಸಂಜೆಯೊಳಗೆ.
ಕುಂಚದ ತುದಿ ಚೂಪಾಗಲೆಂದು
ಎಂದಿನಂತೆ ಬಾಯಲ್ಲಿಟ್ಟು ಚೀಪಿದೆ.